ಹೂವಿನ ಗೋಡೆಯ ಹಿಂದೆ

ಕಾರ್ತಿಕದ ಒಂದು ಸೋಮವಾರ ನನ್ನ ಹೆಂಡತಿಯನ್ನು ನೋಡಲು ಹೋದರೆ, ಅವಳ ಮುಂದೆ ಗುಲಾಬಿ ಹೂವಿನ ಗೋಡೆ ಎದ್ದಿತ್ತು.

ಆಳಿಗಿಂತ ಎತ್ತರ. ಉದ್ದ ಒಂದು ಲಾರಿಯಷ್ಟು. ನಡುವೆ ಥರ್ಮೋಕೋಲಿನಲ್ಲಿ ಕತ್ತರಿಸಿ ಅಂಟಿಸಿದ ಎರಡು ಇಂಗ್ಲಿಷ್ ಅಕ್ಷರ, ಅವುಗಳ ಮಧ್ಯೆ ಒಂದು ಕೆಂಪು ಹೃದಯ. ಎದುರಿಗೆ ಫೋಟೋಗ್ರಾಫರ್ ಲೈಟು ಸರಿ ಮಾಡಿಕೊಳ್ಳುತ್ತಿದ್ದ. ನನ್ನ ಕೈಯಲ್ಲಿ ಒಂದು ಚೊಂಬು ನೀರು, ವಿಭೂತಿ ಗಟ್ಟಿ, ಎಣ್ಣೆ, ಬತ್ತಿ.

"ಸಾರೇ, ಸಾರೇ" ಎನ್ನುತ್ತಾ ಓಡಿ ಬಂದವನು ವಿನೋದ್, ಅಲ್ಲಿಯ ಮ್ಯಾನೇಜರ್. ಊರು ಗಡಿಯಾಚೆ ಕೇರಳದ ಬತ್ತೇರಿ. ಗುಂಡ್ಲುಪೇಟೆಗೆ ಬಂದು ಕನ್ನಡ ಕಲಿತ ಹುಡುಗ, ಒಳ್ಳೆಯವನು. "ಇವತ್ತು ಮದುವೆ ಉಂಟು ಸಾರೇ. ನಿಮ್ಮ ಪೂಜೆ ಹಿಂದಿನಿಂದ ಮಾಡಬಹುದಾ? ಹಿಂದೆ ಜಾಗ ಬಿಟ್ಟಿದೀನಿ. ಒಬ್ಬರು ಆರಾಮಾಗಿ ಕೂತ್ಕೋಬಹುದು."

ಜಾಗ ಬಿಟ್ಟಿದ್ದ. ಅದು ನಿಜ.

(ಗೊತ್ತಿಲ್ಲದವರಿಗೆ ಹೇಳಬೇಕು. ನನ್ನ ಹೆಂಡತಿ ಗೌರಮ್ಮಣ್ಣಿ ತೀರಿಕೊಂಡು ಒಂದು ವರ್ಷ ತುಂಬುತ್ತಾ ಬಂತು. ಈ ಅಂಕಣ ನಡುವೆ ಕೆಲವು ವಾರ ಬರದೇ ಇದ್ದದ್ದು ಅದಕ್ಕೆ. ವಿಚಾರಿಸಿದ ಓದುಗರಿಗೆ ಉತ್ತರ ಬರೆಯಲು ಆಗಲಿಲ್ಲ. ಬೇಸರ ಮಾಡಿಕೊಳ್ಳಬೇಡಿ.)

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಜಮೀನಿದ್ದವರು ಜಮೀನಿನಲ್ಲೇ ಒಂದು ಮೂಲೆ ನೋಡಿ ಹೂಳುತ್ತೇವೆ. ಮೇಲೊಂದು ಕಟ್ಟೆ ಕಟ್ಟಿ ಸುಣ್ಣ ಬಳಿಯುತ್ತೇವೆ. ನಾನು ಸೋಮವಾರ ಸೋಮವಾರ ಚಾಮರಾಜನಗರದಿಂದ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಬಂದು, ಅಲ್ಲಿಂದ ಭೀಮನಬೀಡಿನ ಕಡೆಯ ಆಟೋ ಹಿಡಿದು, ಕಟ್ಟೆ ತೊಳೆದು ದೀಪ ಹಚ್ಚಿ ಹೋಗುತ್ತೇನೆ. ಪೋಸ್ಟ್ ಆಫೀಸಿನಲ್ಲಿ ಗುಮಾಸ್ತನಾಗಿದ್ದು ರಿಟೈರ್ ಆದವನಿಗೆ ಸೋಮವಾರ ಬೇರೇನು ಕೆಲಸ?

ಜಮೀನು ಈಗ ನನ್ನದಲ್ಲ. ಕಷ್ಟ ಇರುವುದು ಅಲ್ಲೇ.

ಆ ತೋಟ, ಅದರೊಳಗಿನ ಬಂಗಲೆ ನಮ್ಮ ಮುತ್ತಾತ ಕಟ್ಟಿಸಿದ್ದು. ಬೆಲ್ಲದ ವ್ಯಾಪಾರದಲ್ಲಿ ಕೈ ಹತ್ತಿದ ಪಟೇಲ. ಬಂಡೀಪುರಕ್ಕೆ ಶಿಕಾರಿಗೆ ಹೋಗುವ ದೊರೆಗಳು ದಾರಿಯಲ್ಲಿ ಇಳಿದುಕೊಳ್ಳಲಿ ಎಂದು ಕಟ್ಟಿಸಿದನಂತೆ. ಒಬ್ಬ ದೊರೆಯೂ ಇಳಿದುಕೊಂಡ ನೆನಪು ಯಾರಿಗೂ ಇಲ್ಲ. ತೇಗದ ಕಂಬ, ಮಂಗಳೂರು ಹೆಂಚು, ಉದ್ದನೆಯ ಜಗುಲಿ. ಜಗುಲಿಯಲ್ಲಿ ನಿಂತರೆ ಎದುರಿಗೆ ಗೋಪಾಲಸ್ವಾಮಿ ಬೆಟ್ಟ. ಬೆಳಗಿನ ಹೊತ್ತು ಬೆಟ್ಟದ ಮೇಲೆ ಮಂಜು ಕೂತಿರುತ್ತದೆ. ಆ ಮಂಜಿಗೇ ಈಗ ಬುಕಿಂಗ್ ಬರುವುದು ಎಂದು ವಿನೋದ್ ಹೇಳುತ್ತಾನೆ.

ಭಾಗವಾದಾಗ ಬಂಗಲೆ, ತೋಟ ಚಿಕ್ಕಪ್ಪನ ಮಗ ಗುರುಮಲ್ಲನ ಪಾಲಿಗೆ ಹೋದವು. ನನಗೆ ಬಂದದ್ದು ಖುಷ್ಕಿ ಹೊಲ, ಅದನ್ನು ಮಾರಿ ಚಾಮರಾಜನಗರದಲ್ಲಿ ಮನೆ ಕಟ್ಟಿಕೊಂಡೆ. ಜಗಳವೇನೂ ಇರಲಿಲ್ಲ. ಗುರುಮಲ್ಲ ಬಂಗಲೆಯನ್ನು ಮದುವೆಗೆ ಕೊಡಲು ಶುರು ಮಾಡಿದಾಗ ನಾನೂ ಮೂಗು ಮುರಿದವನೇ. ಆದರೆ ಹೋಗಿ ನೋಡಿದರೆ ಸೋರುತ್ತಿದ್ದ ಮಾಡು ಸರಿಯಾಗಿತ್ತು, ಗೆದ್ದಲು ಹಿಡಿದ ತೊಲೆ ಬದಲಾಗಿತ್ತು. ಅವನು ಹೀಗೆ ಮಾಡದಿದ್ದರೆ ಇಷ್ಟು ಹೊತ್ತಿಗೆ ಮನೆ ಬಿದ್ದು ಹೋಗುತ್ತಿತ್ತು. ನಾನು ನಿಲ್ಲಿಸುತ್ತಿದ್ದೆನೇ? ಇಲ್ಲ.

(ಎಸ್ಟೇಟಿನ ಹೆಸರು ಬರೆಯುವುದಿಲ್ಲ. ಗುರುಮಲ್ಲನಿಗೆ ಮಾತು ಕೊಟ್ಟಿದ್ದೇನೆ. ಅಲ್ಲದೆ ಈಗಿನ ಹೆಸರು ಇಂಗ್ಲಿಷಿನಲ್ಲಿದೆ. ಮುತ್ತಾತನಿಗೆ ಹೇಳಲೂ ಬರುತ್ತಿರಲಿಲ್ಲ.)

ಈಗ ದನದ ಕೊಟ್ಟಿಗೆಯಲ್ಲಿ ಬಫೆ. ರೇಷ್ಮೆ ಹುಳು ಸಾಕುತ್ತಿದ್ದ ಮನೆಗೆ ಏಸಿ ಹಾಕಿ ಗಂಡಿನವರನ್ನು ಇಳಿಸುತ್ತಾರೆ. ಮಳೆಗಾಲದಲ್ಲಿ ಸುತ್ತ ಚೆಂಡು ಹೂವಿನ ಹೊಲ ಅರಳಿದಾಗ, ಮದುವೆಗೆ ಮೊದಲೇ ಜೋಡಿಗಳು ಬಂದು ಹೂವಿನ ಮಧ್ಯೆ ಓಡಾಡಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮೊದಲು ನಮ್ಮ ರೈತ ಕೂಗಾಡುತ್ತಿದ್ದ. ಈಗ ಅವನೇ ಎಲ್ಲಿ ನಿಂತರೆ ಬೆಟ್ಟ ಚೆನ್ನಾಗಿ ಬೀಳುತ್ತದೆ ಎಂದು ತೋರಿಸಿಕೊಡುತ್ತಾನೆ.

ಇನ್ನು ಉಗ್ರಾಣ. ಅದು ಹೆಣ್ಣಿಗೆ ಮೇಕಪ್ ಮಾಡುವ ರೂಮು. ಗೋಡೆ ತುಂಬ ಕನ್ನಡಿ, ಕನ್ನಡಿಯ ಸುತ್ತ ಬಲ್ಬು.

ಆ ಉಗ್ರಾಣ ನಮ್ಮ ಅವ್ವನದು.

ಅವ್ವನ ಸಮಾಧಿಯೂ ತೋಟದಲ್ಲೇ ಇದೆ, ಗೌರಮ್ಮಣ್ಣಿಯ ಪಕ್ಕದಲ್ಲಿ. ಸರಿಯಾಗಿ ಹೇಳಬೇಕೆಂದರೆ ಅವ್ವನ ಪಕ್ಕದಲ್ಲಿ ಗೌರಮ್ಮಣ್ಣಿ. ಅವ್ವ ಹೋಗಿ ವರ್ಷಗಳೇ ಆದವು. ನಮ್ಮಪ್ಪ ನಾನು ಸ್ಕೂಲಿಗೆ ಸೇರುವ ಮೊದಲೇ ಹೋದವನು, ಅವನದು ಊರ ರುದ್ರಭೂಮಿಯಲ್ಲಿದೆ. ಆದರೆ ಅವ್ವ ತನ್ನನ್ನು ತೋಟದಲ್ಲೇ ಇಡಬೇಕು ಎಂದು ಹೇಳಿದ್ದಳು. "ಉಗ್ರಾಣ ಕಾಣಂಗಿರ್ಲಿ" ಎಂದಿದ್ದಳು. ಕೊನೆಗಾಲದಲ್ಲಿ ಅವಳನ್ನು ನೋಡಿಕೊಂಡದ್ದು ಗೌರಮ್ಮಣ್ಣಿ. ಅತ್ತೆ ಸೊಸೆಗೆ ಭಾರಿ ಪ್ರೀತಿ ಇತ್ತೆಂದು ಬರೆದರೆ ಸುಳ್ಳಾಗುತ್ತದೆ. ಉಪ್ಪು ಯಾರು ಹಾಕಬೇಕು ಎನ್ನುವುದಕ್ಕೂ ಮಾತು ಬಿಟ್ಟವರು. ಆದರೂ ಆಸ್ಪತ್ರೆಯಲ್ಲಿ ಮಲಗಿದ್ದಾಗ ಗೌರಮ್ಮಣ್ಣಿ ಹೇಳಿದಳು: "ನನ್ನೂ ಅತ್ತೆ ತಾವೇ ಮಡಗ್ಬುಡಿ. ಅಭ್ಯಾಸ ಆಗ್ಬುಟ್ಟದ."

ಗುರುಮಲ್ಲ ಆಗ ಒಂದು ಮಾತೂ ಆಡದೆ ಜಾಗ ಕೊಟ್ಟ. ಅತ್ತಿಗೆ ಎಂದರೆ ಅವನಿಗೆ ಗೌರವ.

ಆಮೇಲೆ ಬೆಂಗಳೂರಿನವರೊಬ್ಬರು ಜಾಗ ನೋಡಲು ಬಂದರು. ಬಂಗಲೆ ಒಪ್ಪಿದರು, ಬೆಟ್ಟ ಒಪ್ಪಿದರು, ಊಟ ಒಪ್ಪಿದರು. ಹುಲ್ಲುಹಾಸಿನ ತುದಿಯಲ್ಲಿ ಎರಡು ಬಿಳಿ ಕಟ್ಟೆ ನೋಡಿ ಏನೆಂದು ಕೇಳಿದರು. ಕೇಳಿದ ಮೇಲೆ ಕಾರು ಹತ್ತಿದರು. ಗುರುಮಲ್ಲ ನನಗೆ ಫೋನ್ ಮಾಡಿದ.

"ಅಣ್ಣಾ, ತಪ್ಪ್ ತಿಳ್ಕಬೇಡ. ಎರಡೂನು ಊರ ರುದ್ರಭೂಮಿಗ ಸಾಗ್ಸ್‌ಬುಡನ. ಸಾಸ್ತ್ರವಾಗೇ ಮಾಡನ, ಮಠದವರ್ನೇ ಕರ್ಸ್ತೀನಿ. ಇಲ್ಲಿ ನೆಲ ಸಮ ಮಾಡ್ಬುಡನ."

"ಯೋಚನೆ ಮಾಡ್ತೀನಿ" ಎಂದೆ. ಯೋಚನೆ ಮಾಡುವುದಕ್ಕೆ ಏನಿತ್ತು? ಜಮೀನು ಅವನದು. ಬಾಯಿ ಮಾತಿನ ಒಪ್ಪಿಗೆ ಬಿಟ್ಟರೆ ನನ್ನ ಹತ್ತಿರ ಏನೂ ಇಲ್ಲ. ನಾನು ಒಪ್ಪುವವರೆಗೆ ತಾತ್ಕಾಲಿಕ ವ್ಯವಸ್ಥೆ ಈ ಹೂವಿನ ಗೋಡೆ.

ಹೂವಿನ ಗೋಡೆಯ ಹಿಂಭಾಗವನ್ನು ನೀವು ನೋಡಿರಲಿಕ್ಕಿಲ್ಲ. ಮುಂದೆ ಗುಲಾಬಿ. ಹಿಂದೆ ಬಿದಿರು, ತಂತಿ, ಒದ್ದೆ ಸ್ಪಂಜು. ಸ್ಪಂಜಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ನಾನು ಆ ತೊಟ್ಟು ದೀಪಕ್ಕೆ ಬೀಳದ ಹಾಗೆ ಒಂದು ಮೂಲೆ ಹುಡುಕಿ ದೀಪ ಹಚ್ಚಿ ಕೂತೆ. ಗೋಡೆಯ ಆಚೆ ಫೋಟೋಗ್ರಾಫರ್ "ಸ್ಮೈಲ್, ಸ್ಮೈಲ್" ಎನ್ನುತ್ತಿದ್ದ. ಈಚೆ ನಾವು ಮೂವರು.

ಸ್ವಲ್ಪ ಹೊತ್ತಿಗೆ ಗೋಡೆಯ ತುದಿಯಿಂದ ಒಂದು ಊರುಗೋಲು ಬಂತು. ಅದರ ಹಿಂದೆ ಒಬ್ಬ ಅಜ್ಜಿ. ಬಿಳಿಗೆ ತಿರುಗಿದ ಸೀರೆ, ಹಣೆಗೆ ವಿಭೂತಿ.

"ಯಾರಪ್ಪ ಅಲ್ಲಿ? ಅಡ್ಗ ಮಾಡವ್ನ?"

"ಅಲ್ಲ ಕಣವ್ವ. ಈ ಮನೆ ಕಡೆಯವ್ನು."

"ಮನಯವ್ನು ಇಲ್ಲ್ಯಾಕ ಕುಂತಿದ್ದೈ? ತಿಂಡಿಗ ಕರೀನಿಲ್ವ?"

"ಆಯ್ತವ್ವ. ನೀವ್ಯಾಕ ಈ ಕಡ ಬಂದ್ರಿ?"

"ಮೂರ್ತದ ವತ್ತು. ನಾ ಅಲ್ಲಿ ಕಣ್ಗ ಬೀಳ್ಬಾರ್ದು ಕಣಪ್ಪ. ಮದ್ಲಿಂಗನ ಅಪ್ಪನ್ನ ಎತ್ತವ್ಳು ನಾನೇ. ಆದ್ರೇನ? ನೆಳ್ಳು ನೋಡ್ಕಂಡು ಬಂದೆ."

ಮದುಮಗನ ಅಜ್ಜಿ. ಮೂಲ ಊರು ಉಡಿಗಾಲ, ಮಗ ಮೈಸೂರಿನಲ್ಲಿ ಮನೆ ಮಾಡಿದ್ದಾನೆ, ನಾಡಿನ ಸಂಬಂಧ ಬೇಕೆಂದು ಈ ಕಡೆಯಲ್ಲೇ ಮದುವೆ ಇಟ್ಟುಕೊಂಡಿದ್ದಾನೆ. ಇಷ್ಟನ್ನೂ ಅಜ್ಜಿ ಕೂತುಕೊಳ್ಳುವುದರೊಳಗೆ ಹೇಳಿ ಮುಗಿಸಿತು. ಆಮೇಲೆ ದೀಪ ನೋಡಿತು.

"ಯಾರ್ದಪ್ಪ ಸಮಾದಿ?"

ಗುರುಮಲ್ಲ ನನಗೆ ಎಚ್ಚರ ಹೇಳಿದ್ದ, ನೆಂಟರ ಕಿವಿಗೆ ಬೀಳಬಾರದು ಎಂದು. ಇನ್ನೊಂದು ಮದುವೆ ಹೀಗೆ ಕೆಟ್ಟರೆ ಮಾರನೇ ದಿನವೇ ಜೆಸಿಬಿ ಬರುತ್ತದೆ, ನನಗೆ ಗೊತ್ತು. ಆದರೆ ಸಮಾಧಿಯ ಮುಂದೆ ದೀಪ ಹಚ್ಚಿಕೊಂಡು ಕೂತವನು ಏನೆಂದು ಹೇಳುವುದು? ನೀರಿನ ತೊಟ್ಟಿ ಎನ್ನಲೇ?

"ನನ್ ಹೆಂಡ್ತಿದು. ಆ ಕಡೆದು ನಮ್ಮವ್ವಂದು."

ಅಜ್ಜಿ ಕಿರುಚಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿತು.

"ನೀ ಗಟ್ಟಿಯಾಗಿ ಕುಂತಿದ್ದೈ. ಅಂದ್ರ ಇವ್ಳು ಮುತ್ತೈದೆಯಾಗಿ ಓದ್ಲು ಅನ್ನು."

"ಹೌದು."

"ಪುಣ್ಯವಂತೆ."

ಈ ಮಾತು ನನಗೆ ಹೊಸದಲ್ಲ. ಗೌರಮ್ಮಣ್ಣಿ ಹೋದ ದಿನ ಮನೆಗೆ ಬಂದ ಹೆಂಗಸರೆಲ್ಲ ಇದನ್ನೇ ಹೇಳಿದರು. ಸಮಾಧಾನಕ್ಕೆ ಹೇಳುವ ಮಾತು, ಗೊತ್ತು. ಆದರೆ ಲೆಕ್ಕ ಹಾಕಿ ನೋಡಿ. ಅವಳ ಪುಣ್ಯವೆಂದರೆ ಏನು? ನಾನು ಇನ್ನೂ ಇದ್ದೇನೆ ಎನ್ನುವುದು. ಬೆಳಿಗ್ಗೆ ಎದ್ದು ಒಂದು ಲೋಟ ಕಾಫಿಗೆ ಎಷ್ಟು ಪುಡಿ ಹಾಕಬೇಕೆಂದು ತಿಳಿಯದೆ ನಿಲ್ಲುವ ನಾನು, ಅವಳ ಪುಣ್ಯ.

ಅಜ್ಜಿ ಊರುಗೋಲನ್ನು ಬಿದಿರಿಗೆ ಬಡಿದು ಕೂಗಿತು. "ಕೂಸೇ! ಲೇ ಕೂಸೇ!"

ಬಂದದ್ದು ಕೂಸಲ್ಲ, ಐವತ್ತು ದಾಟಿದ ಸೊಸೆ, ಅಂದರೆ ಮದುಮಗನ ತಾಯಿ. ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ತಂತಿ ದಾಟಿ ಬಂದು, ಕಟ್ಟೆ ನೋಡಿ ನಿಂತುಬಿಟ್ಟರು. "ಅಯ್ಯೋ ಅತ್ತೆ, ಸಮಾಧಿನಾ? ಇವತ್ತಿನ ದಿನ... ಯಾರೂ ಹೇಳಲೇ ಇಲ್ವಲ್ಲ ನಮಗೆ!"

ಅವರ ಬೆನ್ನಿಗೇ ವಿನೋದ್. ವಿನೋದನ ಬೆನ್ನಿಗೆ ಗುರುಮಲ್ಲ. ಗುರುಮಲ್ಲ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

"ಏನ್ ಅಯ್ಯೋ?" ಎಂದಿತು ಅಜ್ಜಿ. "ಉಡಿಗಾಲದಲ್ಲಿ ಹಿರೇರ್ಗ ಸೀರ ಮಡಗ್ದೆ ಯಾರ್ ಮದ್ವ ಮಾಡೋರು? ಮೈಸೂರ್ಗ ಓಗಿ ಎಲ್ಲಾ ಮರ್ತ್‌ಬುಟ್ಟೆ ನೀನು. ಕಂಡೋರ ನೆಲದಲ್ಲಿ ಬಂದು ಚಪ್ರ ಆಕಿದ್ದೀರಿ. ಆ ನೆಲದ ಮುತ್ತೈದೆ ಇಲ್ಲಿ ಮನಗವ್ಳ. ಅವ್ಳ ಮೊಕಕ್ಕ ಹೂವ ಅಡ್ಡ ಕಟ್ಟಿದ್ದೀರಲ್ಲ, ಬುದ್ಧಿ ಎಲ್ಲೋಯ್ತು ನಿಮ್ಗ? ಒಂದ್ ಸೀರ ತತ್ತಾ, ಅರಿಸ್ನ ಕುಂಕ್ಮ ತತ್ತಾ. ಗಂಡು ಹೆಣ್ಣ ಕರ್ಕ ಬಾ. ಮೂರ್ತಕ್ಕ ಇನ್ನೂ ವತ್ತದ."

ಮುತ್ತೈದೆಯಾಗಿ ಹೋದವಳಿಗೆ ಮದುವೆಗೆ ಮೊದಲು ಸೀರೆ ಇಡುವುದು ನಮ್ಮ ಕಡೆಯ ಪದ್ಧತಿ. ಇಡುವುದು ಅವರವರ ಮನೆಯವಳಿಗೆ. ಬಾಡಿಗೆ ಹಿಡಿದ ಜಾಗದವಳಿಗೆ ಇಟ್ಟದ್ದನ್ನು ನಾನು ಕಂಡಿರಲಿಲ್ಲ. ಪದ್ಧತಿ ಮಾಡಿದವರ ಕಾಲದಲ್ಲಿ ಬಾಡಿಗೆಯ ಎಸ್ಟೇಟ್ ಇರಲಿಲ್ಲವಲ್ಲ, ಅಜ್ಜಿಯೇ ನಿಂತ ನಿಲುವಿನಲ್ಲಿ ಒಂದು ಕಲಂ ಸೇರಿಸಿಬಿಟ್ಟಿತು.

ಹೂವಿನ ಗೋಡೆ ಸರಿಯಿತು. ಬಿದಿರಿಗೆ ಕೈ ಹಾಕಲು ವಿನೋದನ ಜೊತೆ ಗುರುಮಲ್ಲನೂ ಸೇರಿದ. ತಟ್ಟೆಯಲ್ಲಿ ಹಸಿರು ಸೀರೆ, ಬಳೆ, ಹೂವು ಬಂದವು. ಅಜ್ಜಿ ದೂರ ಸರಿದು ಕೋಲಿನಲ್ಲೇ ತೋರಿಸುತ್ತಿತ್ತು. "ನಾ ಮುಟ್ಟಬಾರ್ದು. ನೀನೇ ಇಡು. ಅಲ್ಲಲ್ಲ, ತಲ ಕಡ." ಗಂಡು ಹೆಣ್ಣು ಬಂದು ಕಟ್ಟೆಗೆ ಹಣೆ ಹಚ್ಚಿದರು. ಹೆಣ್ಣಿನ ಜಡೆಯ ಮಲ್ಲಿಗೆ ಕಲ್ಲಿಗೆ ತಾಕಿತು. ಗೌರಮ್ಮಣ್ಣಿಗೆ ಯಾರಾದರೂ ಕಾಲಿಗೆ ಬಿದ್ದರೆ ಮುಜುಗರ. "ಏಳಿ ಏಳಿ, ಸೊಂಟ ಹಿಡ್ಕತದ" ಎನ್ನುತ್ತಿದ್ದಳು.

ಮದುಮಗನ ತಾಯಿ ತಟ್ಟೆ ಹಿಡಿದುಕೊಂಡು ಪಕ್ಕದ ಕಟ್ಟೆಯ ಕಡೆ ಒಂದು ಹೆಜ್ಜೆ ಹೋದರು. ಕುಂಕುಮದ ಬಟ್ಟಲಿಗೆ ಬೆರಳು ಹಾಕಿ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಇವರು?"

"ನಮ್ಮವ್ವ. ನಮ್ಮಪ್ಪ ಮೊದಲೇ ಹೋಗಿದ್ದರು."

ಅವರು ಬೆರಳು ಹಿಂದಕ್ಕೆ ತೆಗೆದರು. ಬೇಸರವಾಗದ ಹಾಗೆ ತೆಗೆದರು. ಸೆರಗು ಸರಿಮಾಡಿಕೊಂಡು, ಕೈ ಮುಗಿದು, ಹೊರಟರು. ವಿನೋದ್ ಗುರುಮಲ್ಲನನ್ನು ನೋಡಿದ. ಗುರುಮಲ್ಲ ನೆಲ ನೋಡಿದ. ಗೋಡೆಯನ್ನು ಮತ್ತೆ ಎತ್ತಿದರು. ಇಳಿಸಿದ ಮೇಲೆ ಅದು ಸರಿಯಾಗಿ ಅವ್ವನೊಬ್ಬಳನ್ನು ಮಾತ್ರ ಮರೆ ಮಾಡಿತ್ತು.

ನಮ್ಮ ಜನಕ್ಕೆ ಸೂತಕವಿಲ್ಲ, ಶರಣರು ಅದನ್ನೆಲ್ಲ ಕಿತ್ತುಹಾಕಿದರು ಎಂದು ವೇದಿಕೆಯ ಮೇಲೆ ನಾವು ಚೆನ್ನಾಗಿ ಮಾತಾಡುತ್ತೇವೆ. ನಾನೂ ಒಂದೆರಡು ಸಲ ಮಾತಾಡಿದ್ದೇನೆ, ಚಪ್ಪಾಳೆ ಬಿದ್ದಿದೆ.

ಅಜ್ಜಿ ಮಂಟಪದ ಕಡೆ ಹೋಗಲಿಲ್ಲ. ಹೂವಿನ ಗೋಡೆಯ ಹೊಸ ಹಿಂಭಾಗಕ್ಕೆ ಬಂದು, ಅವ್ವನ ಕಟ್ಟೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿತು. ಮದುಮಗನ ತಂದೆ ಬಂದರು. ಅಮ್ಮನನ್ನು ಕರೆಯಲು ಬಂದರು ಎಂದುಕೊಂಡೆ. ಅಲ್ಲ, ನನ್ನನ್ನು.

"ಬನ್ನಿ ಸಾರ್, ನೀವೇ ಮನೆ ಹಿರಿಯರು. ಮುಂದೆ ಬಂದು ಅಕ್ಷತೆ ಹಾಕಿ."

ಹೆಂಡತಿ ಸತ್ತು ವರ್ಷ ತುಂಬದ ಗಂಡಸು ನಾನು. ನನ್ನನ್ನು ಮುಂದಿನ ಸಾಲಿಗೆ ಕರೆದರು. ಅವರನ್ನು ಹೆತ್ತವಳು ಸ್ಪಂಜಿನ ನೀರು ತೊಟ್ಟಿಕ್ಕುವ ಜಾಗದಲ್ಲಿ ಕೂತಿದ್ದಳು. ಅವರು ಕೆಟ್ಟವರಲ್ಲ. ಹೋಗುವ ಮೊದಲು "ಅವ್ವ, ನೀರು ಬೇಕಾ?" ಎಂದು ಕೇಳಿದರು. ಅಜ್ಜಿ "ಓಗು ಓಗು, ವತ್ತಾಯ್ತು" ಎಂದಿತು. ನಾನು ಮಂಡಿ ನೋವು ಎಂದು ಹೇಳಿ ಅಲ್ಲೇ ಉಳಿದೆ. ಒಂದು ಹಿಡಿ ಅಕ್ಷತೆ ಕೈಗೆ ಹಾಕಿ ಹೋದರು.

ಅವ್ವ ಇದೇ ತೋಟದಲ್ಲಿ ಎಷ್ಟೋ ಮದುವೆ ಮಾಡಿಸಿದವಳು. ಅತ್ತೆಯರದು, ಚಿಕ್ಕಪ್ಪಂದಿರದು, ಆಳುಮಕ್ಕಳದು. ಬಂಗಲೆ ಮದುವೆ ಮನೆಯಾದದ್ದು ಈಚೆಗೆ ಎಂದು ಎಲ್ಲರೂ ಹೇಳುತ್ತಾರೆ, ನನಗೇನೋ ಅದು ಯಾವಾಗಲೂ ಮದುವೆ ಮನೆಯೇ. ಅಕ್ಕಿ ಎಷ್ಟು, ಬೆಲ್ಲ ಎಷ್ಟು, ಎಲೆ ಎಲ್ಲಿಂದ, ಯಾವ ನೆಂಟನಿಗೆ ಯಾವುದಕ್ಕೆ ಮುನಿಸು, ಎಲ್ಲ ಅವಳ ತಲೆಯಲ್ಲಿ. ಒಂದು ತಾಳಿ ಕಟ್ಟುವುದನ್ನೂ ಅವಳು ನೋಡಲಿಲ್ಲ. ಮುಹೂರ್ತದ ಹೊತ್ತಿಗೆ ಉಗ್ರಾಣದ ಬಾಗಿಲು ಮುಂದೆ ಮಾಡಿಕೊಂಡು ಒಳಗಿರುತ್ತಿದ್ದಳು. ಗಟ್ಟಿಮೇಳ ಕೇಳಿದ ಮೇಲೆ ಬಾಗಿಲು ತೆಗೆದು, "ಆಯ್ತಾ? ಎಲೆ ಹಾಕ್ಸಿ" ಎನ್ನುತ್ತಿದ್ದಳು. ನನ್ನ ಮದುವೆಯಲ್ಲೂ ಹಾಗೆಯೇ ಎಂದಳು.

ಮೈಕಿನಲ್ಲಿ ಗಟ್ಟಿಮೇಳ ಎದ್ದಿತು. ಅಜ್ಜಿ ತಲೆಯೆತ್ತಿತು. ಕಣ್ಣೀರೇನೂ ಇಲ್ಲ. ಅದರ ಕೈಯಲ್ಲಿ ಅಕ್ಷತೆ ಇರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ನನ್ನದರಲ್ಲಿ ಅರ್ಧ ಕೊಟ್ಟೆ. ಮಂಟಪ ಕಾಣುತ್ತಿರಲಿಲ್ಲ, ಎಲ್ಲಿಗೆ ಹಾಕುವುದು? ಅಜ್ಜಿ ಒಂದು ಗಳಿಗೆ ಹಿಡಿದುಕೊಂಡು ಕೂತು, ಆಮೇಲೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಿತು.

"ಅನ್ನಕ್ಕಾದ್ರೂ ಆಯ್ತದ ಬುಡು."

ಇಬ್ಬರೂ ನಕ್ಕೆವು. ಗೋಡೆಯ ಆಚೆ ಯಾರಿಗಾದರೂ ಕೇಳಿಸಿದ್ದರೆ ಹೆದರಿಕೊಳ್ಳುತ್ತಿದ್ದರು.

ಎರಡು ದಿನ ಬಿಟ್ಟು ಗುರುಮಲ್ಲನ ಫೋನ್. ದನಿಯಲ್ಲಿ ಉತ್ಸಾಹ.

"ಅಣ್ಣಾ, ಆ ಮೈಸೂರಿನವ್ರು ಎಲ್ಲಾರ್ಗೂ ಹೇಳ್ಕಂಡವ್ರ. ಮುತ್ತೈದೆ ಸಮಾದಿ ಅದ, ಆಸೀರ್ವಾದ ತಕಂಡ್ರ ಒಳ್ಳೇದು ಅಂತ. ಮುಂದ್ಲ ಮದ್ವವ್ರು ಅವ್ರಾಗೇ ಕೇಳ್ತಾವ್ರ. ಅತ್ತಿಗೇದ ಮುಟ್ಟಕಿಲ್ಲ ಬುಡು. ಮೇಲ ಒಂದ್ ಸಣ್ಣ ಮಂಟಪ ಕಟ್ಸನ. ಸುತ್ತಾ ಗ್ರಾನೈಟ್ ಆಕ್ಸನ."

"ಅವ್ವಂದು?"

ಉತ್ಸಾಹ ನಿಂತಿತು. "ದೊಡ್ಡವ್ವಂದು... ಅದು ಎಂಗೂ ಹಳೇದು. ಒಂದ್ ಕಡ ಕುಸ್ದದ. ಅದೊಂದ್ನ ಸಾಗ್ಸ್‌ಬುಡನ."

"ಎರಡೂ ಇರ್ಬೇಕು. ಇಲ್ಲ ಎರಡೂ ಹೋಗ್ಬೇಕು. ನಾಳೆಯೇ ಇಬ್ಬರನ್ನೂ ಎಬ್ಬಿಸ್ಕೊಂಡು ಹೋಗ್ತೀನಿ."

ನಾನು ಹೀಗೆ ಮಾತಾಡುವವನಲ್ಲ. ಅವನಿಗೂ ಅದು ಗೊತ್ತು.

"ನಿನ್ನ ಮದುವೆಯ ಹಿಂದಿನ ದಿನ ಅಡುಗೆಯವರು ಕೈ ಕೊಟ್ಟಾಗ ಬೇಯಿಸಿ ಹಾಕಿದ್ದು ಯಾರು ಮಲ್ಲ?" ಎಂದೆ.

"ಗೊತ್ತು ಕಣಣ್ಣ. ಗೊತ್ತಿಲ್ದೆ ಏನು? ಆದ್ರ ಬಂದೋರು ಇದ್ಯಾರ್ದು ಅಂತ ಕೇಳ್ದ್ರ ಏನೇಳದು?"

"ನಿಜ ಹೇಳು."

"ನಿಜ ಹೇಳಿ ಯಾರಾರು ಮದ್ವ ಮಾಡಿದ್ದಾರ ಅಣ್ಣಾ?"

ಇದಕ್ಕೆ ನಿಮ್ಮಲ್ಲಿ ಉತ್ತರ ಇದೆಯೇ?

"ನೋಡ್ತೀನಿ ಬುಡು, ವಿನೋದನ್ಗ ಹೇಳ್ತೀನಿ" ಎಂದು ಫೋನ್ ಇಟ್ಟ. ಸಾಗಿಸುತ್ತಾನೋ ಇಲ್ಲವೋ ತಿಳಿಯಲಿಲ್ಲ. ಮತ್ತೆ ಫೋನ್ ಮಾಡಿ ಕೇಳಲು ಧೈರ್ಯ ಬರಲಿಲ್ಲ. ಸೋಮವಾರದ ತನಕ ಕಾದೆ. ಆ ದಿನಗಳಲ್ಲಿ ಹೆಂಡತಿಗಿಂತ ಹೆಚ್ಚಾಗಿ ಅವ್ವ ನೆನಪಾಗುತ್ತಿದ್ದಳು, ಅದಕ್ಕೂ ಮನಸ್ಸಿಗೆ ಒಂದು ಬಗೆಯ ಅಳುಕು. ಗೌರಮ್ಮಣ್ಣಿ ಇದ್ದಿದ್ದರೆ ಕೆಣಕುತ್ತಿದ್ದಳು, "ನೋಡಿ, ಸತ್ರೂ ನಿಮ್ಮವ್ವಂದೇ ನಿಮ್ಗ" ಎಂದು.

ಸೋಮವಾರ ಆಟೋ ಇಳಿದಾಗ ಗೇಟಿನಲ್ಲಿ ಬಾಳೆಕಂದು ಕಟ್ಟಿತ್ತು, ಮತ್ತೊಂದು ಮದುವೆ. ಹುಲ್ಲುಹಾಸು ದಾಟಿ ಹೋದೆ. ಹೂವಿನ ಗೋಡೆ ಬಾವಿಯ ಹತ್ತಿರಕ್ಕೆ ಹೋಗಿತ್ತು. ತೋಟದ ತುದಿಯಲ್ಲಿ ಎರಡೂ ಕಟ್ಟೆ ಇದ್ದವು. ಹೊಸ ಸುಣ್ಣ. ಅವ್ವನ ಕಟ್ಟೆಯ ಕುಸಿದ ಮೂಲೆಗೆ ಸಿಮೆಂಟು ಮೆತ್ತಿದ್ದರು. ಎರಡಕ್ಕೂ ಮಲ್ಲಿಗೆ ಮಾಲೆ, ಎರಡಕ್ಕೂ ಅರಿಸಿನ. ಎರಡರ ಮೇಲೂ, ನಟ್ಟ ನಡುವೆ, ಕಾಸಿನಗಲ ಕುಂಕುಮ.

ನಾನು ನಿಂತೇ ಇದ್ದೆ. ವಿನೋದ್ ಬಂದ.

"ಗುರುಮಲ್ಲ ಸಾರ್ ಎರಡೂ ಇರಲಿ, ಏನಾದರೂ ಮಾಡು ಅಂದ್ರು ಸಾರೇ. ನಾನು ಪಾರ್ಟಿಗೆ ಅತ್ತೆ ಸೊಸೆ ಇಬ್ಬರೂ ಮುತ್ತೈದೆಯಾಗಿ ಹೋದವರು ಅಂತ ಹೇಳಿದೆ. ಅವರಿಗೆ ಭಾರಿ ಖುಷಿ. ಎರಡು ಸೀರೆ ತಂದಿದಾರೆ." ನನ್ನ ಮುಖ ನೋಡಿ ದನಿ ಇಳಿಸಿದ. "ತಪ್ಪಾಯ್ತಾ ಸಾರೇ?"

ಅಷ್ಟರಲ್ಲಿ ಹೆಣ್ಣಿನ ಕಡೆಯವರು ಬಂದೇ ಬಿಟ್ಟರು. ಹುಡುಗಿಗೆ ಇಪ್ಪತ್ತೈದರ ಒಳಗಿನ ವಯಸ್ಸು. ಮೊದಲು ಅವ್ವನ ಮುಂದೆ ಸೀರೆ ಇಟ್ಟಳು, ಹಿರಿಯಳು ಎಂದು. ಕುಂಕುಮದ ಮೇಲೆ ಇನ್ನೊಂದು ಬೊಟ್ಟು ಇಟ್ಟಳು. ಅದೇ ಬೆರಳಿನಿಂದ ತನ್ನ ಹಣೆಗೂ ಹಚ್ಚಿಕೊಂಡಳು. ಸೀರೆಯ ಬಣ್ಣ ಕುಂಕುಮದ್ದೇ, ಜರಿ ಅಂಚು. ನನಗೆ ತಿಳಿವಳಿಕೆ ಬಂದಾಗಿನಿಂದ ಅವ್ವನ ಹತ್ತಿರ ಬಣ್ಣದ ಸೀರೆ ಬಂದದ್ದನ್ನು ನಾನು ನೋಡಿರಲಿಲ್ಲ.

ಅವರು ಹೋದ ಮೇಲೆ ಚೊಂಬು ತೆಗೆದುಕೊಂಡು ಕೂತೆ. ಪ್ರತಿ ಸೋಮವಾರ ಎರಡೂ ಕಟ್ಟೆಯನ್ನು ಮೇಲಿನಿಂದ ತೊಳೆಯುತ್ತೇನೆ. ಸುಳ್ಳನ್ನು ತೊಳೆಯಲು ಒಂದು ಚೊಂಬು ನೀರು ಸಾಕು, ನಿಜವೂ ಉಳಿಯುತ್ತದೆ. ತೊಳೆದರೆ ಈ ಮದುವೆಯವರು ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ಅವ್ವ ಹೋಗುತ್ತಾಳೆ. ಅದಕ್ಕೇ ತೊಳೆಯಲಿಲ್ಲ ಎಂದು ಬರೆಯಬಹುದಿತ್ತು. ಆದರೆ ಕಾರಣ ಅದಲ್ಲ. ಚೆನ್ನಾಗಿ ಕಾಣುತ್ತಿತ್ತು. ಅಷ್ಟೇ. ಕಟ್ಟೆಯ ಬುಡಕ್ಕೆ ಮಾತ್ರ ನೀರು ಹಾಕಿ, ದೀಪ ಹಚ್ಚಿ ಎದ್ದೆ.

ಒಂದು ಬೊಟ್ಟು ಕುಂಕುಮಕ್ಕೆ ಇಷ್ಟು ಸಣ್ಣ ಸುಳ್ಳು ಸಾಕಾಗುತ್ತಿತ್ತು ಎಂದರೆ, ಅವ್ವ ಬದುಕಿದ್ದಾಗಲೇ ನಮ್ಮಲ್ಲಿ ಒಬ್ಬರಾದರೂ ಅದನ್ನು ಹೇಳಬಾರದಿತ್ತೇ?